ಮೂಳೆಯ ಆಟೋ ಕೊಳ್ಳುವವರು

ನಮಸ್ಕಾರ. ಇದು ಮುಂಬೈಯ ಕಾಲಾ ಘೋಡಾ. ಎದುರಿಗೆ ಕಾಣುವುದು ಜಹಾಂಗೀರ್ ಆರ್ಟ್ ಗ್ಯಾಲರಿ, 1952ರದ್ದು. ಇದು ಆಗಲೇಬೇಕು ಅಂತ ಪಟ್ಟು ಹಿಡಿದವರಲ್ಲಿ ನಮ್ಮ ಉಡುಪಿ ಕಡೆಯ ಚಿತ್ರಕಾರ ಕೆ.ಕೆ. ಹೆಬ್ಬಾರರೂ ಒಬ್ಬರು. ಹಾರ್ನ್ ಸದ್ದು ಸ್ವಲ್ಪ ಜಾಸ್ತಿ ಇದೆ, ಸಹಿಸಿಕೊಳ್ಳಿ.

ಕೆಲವು ಕಲಾಕೃತಿ ನೋಡಿದರೆ ಮೊದಲು ನಗು ಬರುತ್ತದೆ, ಆಮೇಲೆ ಕಸಿವಿಸಿ. ಅಂಥವನ್ನೇ ಹುಡುಕಿ, ದುಡ್ಡು ಸುರಿದು ಕೊಳ್ಳುವವರಿದ್ದಾರೆ. ಯಾಕೆ?

ಬಾಳೆಹಣ್ಣಿನ ಕತೆ ನಿಮಗೆ ಗೊತ್ತೇ ಇರುತ್ತದೆ. ಇಟಲಿಯ ಕಲಾವಿದ ಮೌರಿಜಿಯೊ ಕಟೆಲಾನ್ 2019ರಲ್ಲಿ ಮಯಾಮಿಯಲ್ಲಿ ಅದನ್ನು ಗೋಡೆಗೆ ಟೇಪ್ ಹಾಕಿ ಅಂಟಿಸಿದರು. 2024ರ ಹರಾಜಿನಲ್ಲಿ ಅದು 62 ಲಕ್ಷ ಡಾಲರಿಗೆ ಹೋಯಿತು. ಕೊಂಡ ಕ್ರಿಪ್ಟೊ ಉದ್ಯಮಿ ಜಸ್ಟಿನ್ ಸನ್ ಹಣ್ಣನ್ನು ಎಲ್ಲರೆದುರು ತಿಂದೇ ಬಿಟ್ಟರು! ನಿಜಕ್ಕೂ ಕೈಗೆ ಸಿಗುವುದು ಒಂದು ಸರ್ಟಿಫಿಕೇಟ್, ಜೊತೆಗೆ ಹೇಗೆ ಅಂಟಿಸಬೇಕು ಅನ್ನುವ ಸೂಚನೆ. ಹಣ್ಣು ಕೊಳೆತರೆ ಬೇರೆ ತಂದು ಅಂಟಿಸಬೇಕು. ಇಲ್ಲಿ ಗೇಲಿಗೆ ಗುರಿಯಾಗುತ್ತಿರುವುದು ದುಡ್ಡು ಕೊಟ್ಟವರೇ. ಅದು ಅವರಿಗೂ ಗೊತ್ತು. ಗೇಲಿಯಲ್ಲಿ ಒಂದು ಪಾತ್ರ ಸಿಕ್ಕಿತಲ್ಲ, ಅದೇ ಖುಷಿ.

ಲಾಭದ ಲೆಕ್ಕವೂ ಇರುತ್ತದೆ ಅನ್ನಿ. ಬ್ರಿಟನ್ನಿನ ಬೀದಿ ಕಲಾವಿದ ಬ್ಯಾಂಕ್ಸಿಯ ಒಂದು ಚಿತ್ರ 2018ರಲ್ಲಿ ಹರಾಜಾದ ಕೂಡಲೇ ತನ್ನಷ್ಟಕ್ಕೆ ಅರ್ಧ ಚಿಂದಿಯಾಯಿತು. ಆಗ ಸುಮಾರು 10 ಲಕ್ಷ ಪೌಂಡ್. ಮೂರು ವರ್ಷದಲ್ಲಿ ಅದೇ ಚಿಂದಿ 1 ಕೋಟಿ 85 ಲಕ್ಷ ದಾಟಿತು.

ಆದರೆ ನಮ್ಮ ಮುಂಬೈ ನಗಿಸುವ ರೀತಿಯೇ ಬೇರೆ. ಇಲ್ಲಿನ ಕಲಾವಿದ ಜಿತೀಶ್ ಕಲ್ಲಾಟ್ 2007ರಲ್ಲಿ ಒಂದು ಆಟೋ ಮಾಡಿದರು. ಅಳತೆಯೆಲ್ಲ ನಿಜದ ಆಟೋದ್ದೇ, ಆದರೆ ಚಕ್ರದಿಂದ ಹ್ಯಾಂಡಲ್‌ವರೆಗೆ ಎಲ್ಲ ಮೂಳೆ. ರಾಳದಲ್ಲಿ ಎರಕ ಹೊಯ್ದದ್ದು. ಹೆಸರು 'ಆಟೋಸಾರಸ್ ಟ್ರೈಪಸ್', ಯಾವುದೋ ಡೈನೋಸಾರಿನ ಹಾಗೆ. ಮೊದಲು ನಗುತ್ತೀರಿ. ಆಮೇಲೆ ಗೊತ್ತಾಗುತ್ತದೆ, ಇದರ ಹಿಂದೆ ಇರುವುದು ಗಲಭೆಯಲ್ಲಿ ಸುಟ್ಟು ಕರಕಲಾದ ಗಾಡಿಗಳ ನೆನಪು. ಈ ಊರಿನವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮಂಗಳೂರಿನಲ್ಲಿ ಹುಟ್ಟಿ ಇಲ್ಲಿ ಬೆಳೆದ ಸುದರ್ಶನ್ ಶೆಟ್ಟಿ ಇನ್ನೂ ತುಂಟ. 2006ರ ಅವರ ಕೃತಿಯಲ್ಲಿ ಸ್ಟೀಲಿನ ಡೈನೋಸಾರ್ ಅಸ್ಥಿಪಂಜರವೊಂದು ಜಾಗ್ವಾರ್ ಕಾರಿನ ಜೊತೆ ಪ್ರಣಯಕ್ಕೆ ಇಳಿದಿದೆ. ಮಕ್ಕಳ ಜೊತೆ ನೋಡುವವರು ಹುಷಾರು. ಶೆಟ್ಟರ ತಂದೆ ಯಕ್ಷಗಾನದವರು. ಪ್ರಸಂಗದಲ್ಲಿ ತಲೆ ಉರುಳುವ ಹೊತ್ತಿಗೂ ಹಾಸ್ಯಗಾರ ಬಂದು ನಗಿಸುತ್ತಾನಲ್ಲ, ಆ ರುಚಿ ಮನೆಯಲ್ಲೇ ಹತ್ತಿತೇನೋ ಅಂತ ನನ್ನ ಗುಮಾನಿ.

ಚೆಂದದ ಚಿತ್ರ ಗೋಡೆಗೆ ಹಾಕಿದ ಕ್ಯಾಲೆಂಡರಿನ ಹಾಗೆ, ಸ್ವಲ್ಪ ದಿನಕ್ಕೆ ಕಣ್ಣಿಗೇ ಬೀಳುವುದಿಲ್ಲ. ಇಂಥದ್ದು ಹಾಗಲ್ಲ. ಮನೆಗೆ ಬಂದವರು ಕೇಳಿಯೇ ಕೇಳುತ್ತಾರೆ. ಯಜಮಾನರು ನಗುತ್ತಾ ಶುರು ಮಾಡಿ, ಸುಟ್ಟ ಗಾಡಿಯವರೆಗೂ ಹೇಳಲೇಬೇಕು. ಬಾಳೆಹಣ್ಣು ಕೊಳ್ಳಲು ದುಡ್ಡಿದ್ದರೆ ಸಾಕು. ಇದನ್ನು ಇಟ್ಟುಕೊಳ್ಳಲು ಧೈರ್ಯವೂ ಬೇಕು, ಅಲ್ವಾ?

ನನ್ನನ್ನು ಕೇಳಿದರೆ ಆ ಆಟೋನೇ ಬೇಕು. ಡೊಂಬಿವಲಿಯ ನಮ್ಮ ಫ್ಲ್ಯಾಟಿನ ಬಾಗಿಲಲ್ಲಿ ಅದು ತೂರುವುದಿಲ್ಲ, ಅಷ್ಟೇ.