ಹೈಸ್ಕೂಲಿನ ಚರಿತ್ರೆ ಅದರ ಮಾಡಿನಲ್ಲೂ ಇದೆ

ಮಂಗಳೂರಿನ ಹಳೆಯ ಹೈಸ್ಕೂಲುಗಳ ಚರಿತ್ರೆಯನ್ನು ನಾವು ಸಾಮಾನ್ಯವಾಗಿ ಓದುವುದು ಸ್ಮರಣ ಸಂಚಿಕೆಗಳಲ್ಲಿ. ಸ್ಥಾಪಕರ ಭಾವಚಿತ್ರ, ಮುಖ್ಯೋಪಾಧ್ಯಾಯರ ಪಟ್ಟಿ, ಹೆಸರು ಮಾಡಿದ ಹಳೆ ವಿದ್ಯಾರ್ಥಿಗಳು, ಎಲ್ಲವೂ ಅಲ್ಲಿರುತ್ತವೆ, ಇರಬೇಕಾದದ್ದೇ. ಆದರೆ ಅಷ್ಟೂ ಮಳೆಗಾಲಗಳಲ್ಲಿ ಮಕ್ಕಳನ್ನು ನೆನೆಯದಂತೆ ಕಾಪಾಡಿದ ಗೋಡೆ ಮತ್ತು ಮಾಡಿನ (ಛಾವಣಿಯ) ಬಗ್ಗೆ ಒಂದು ಪುಟ ಸಿಗುವುದೂ ಅಪರೂಪ. ಹೀಗಾಗಿಯೇ ದುರಸ್ತಿಯ ಮಾತು ಬಂದಾಗ ಅವುಗಳ ಪರವಾಗಿ ಬಾಯಿ ತೆರೆಯುವವರಿಲ್ಲ ಎಂಬುದು ನನ್ನ ದೂರು.

ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಶನ್ನಿನ ಪಾದ್ರಿಗಳು ಮಂಗಳೂರಿಗೆ ಬಂದದ್ದು 1834ರಲ್ಲಿ. ಇಂದಿನ ಬಿ.ಇ.ಎಂ. (ಬಾಸೆಲ್ ಇವಾಂಜೆಲಿಕಲ್ ಮಿಶನ್) ಹೈಸ್ಕೂಲು ತನ್ನ ಮೂಲವನ್ನು 1838ಕ್ಕೆ ಕೊಂಡೊಯ್ಯುತ್ತದೆ. 1841ರಲ್ಲಿ ಅದೇ ಮಿಶನ್ ಮುದ್ರಣಾಲಯ ತೆರೆಯಿತು. 1865ರಲ್ಲಿ ಜಾರ್ಜ್ ಪ್ಲೆಬ್‌ಸ್ಟ್ ಅವರ ಮುಂದಾಳತ್ವದಲ್ಲಿ ಹಂಚಿನ ಕಾರ್ಖಾನೆಯನ್ನೂ ಆರಂಭಿಸಿತು. ಓದಿಸುವ ಶಾಲೆ, ಓದುವ ಪುಸ್ತಕ, ಓದುವವರ ತಲೆಯ ಮೇಲಿನ ಹಂಚು, ಮೂರೂ ಒಂದೇ ಸಂಸ್ಥೆಯ ಕೈಯಿಂದ ಬಂದವು ಎಂಬುದನ್ನು ನೆನೆದಾಗಲೆಲ್ಲ ನನಗೆ ಬೆರಗಾಗುತ್ತದೆ. ಆಮೇಲೆ ಊರಿನವರೇ ಶಾಲೆ ಕಟ್ಟಲು ಹೊರಟರು. ವಕೀಲರಾಗಿದ್ದ ಅಮ್ಮೆಂಬಳ ಸುಬ್ಬರಾವ್ ಪೈ ಅವರು ಕೆನರಾ ಹೈಸ್ಕೂಲನ್ನು ಸ್ಥಾಪಿಸಿದ್ದು 1891ರಲ್ಲಿ, ಅಂದರೆ ಮುಂದೆ ಕೆನರಾ ಬ್ಯಾಂಕ್ ಆದ ನಿಧಿಯನ್ನು ಆರಂಭಿಸುವುದಕ್ಕೆ 15 ವರ್ಷ ಮೊದಲೇ.

ಕಟ್ಟಿಸಿದವರು ಯಾರೇ ಇರಲಿ, ಈ ಊರಿನ ಹಳೆಯ ಕಟ್ಟಡಗಳ ಸಾಮಗ್ರಿ ಬಹುಮಟ್ಟಿಗೆ ಒಂದೇ: ಮುರಕಲ್ಲು (ಕೆಂಪು ಜಂಬಿಟ್ಟಿಗೆ ಕಲ್ಲು), ಸುಣ್ಣದ ಗಾರೆ, ಮರ, ಹಂಚು. ಮುರಕಲ್ಲು ನೆಲದೊಳಗಿರುವಾಗ ಮೆದುವಾಗಿದ್ದು, ಕಡಿದು ಹೊರಗಿಟ್ಟ ಮೇಲೆ ಗಾಳಿಗೆ ಗಟ್ಟಿಯಾಗುತ್ತದೆ. ಅದರ ಮೈತುಂಬ ಸಣ್ಣ ತೂತುಗಳಿರುವುದರಿಂದ ಮಳೆಗಾಲದಲ್ಲಿ ತೇವ ಹೀರಿಕೊಂಡರೂ, ಬಿಸಿಲು ಬಂದಾಗ ಸುಣ್ಣದ ಗಾರೆಯ ಮೂಲಕ ಅದನ್ನು ಹೊರಗೆ ಬಿಟ್ಟುಬಿಡುತ್ತದೆ. ಆ ಗೋಡೆಗೆ ಸಿಮೆಂಟು ಮೆತ್ತಿದರೆ ತೇವ ಒಳಗೇ ಸಿಕ್ಕಿಕೊಳ್ಳುತ್ತದೆ. ಕೆಲವು ವರ್ಷಗಳಲ್ಲಿ ಮೆತ್ತಿದ ಗಿಲಾಯಿ ಹೊಪ್ಪಳೆಯಾಗಿ ಏಳುತ್ತದೆ, ಆಗ ಎಲ್ಲರೂ ಕಲ್ಲನ್ನೇ ದೂರುತ್ತಾರೆ.

ಮಾಡಿನದ್ದು ಇನ್ನೂ ಸೂಕ್ಷ್ಮವಾದ ಲೆಕ್ಕ. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಊರಿನಲ್ಲಿ ನೀರು ನಿಲ್ಲದೆ ಜಾರಿಹೋಗಬೇಕು, ಸೆಕೆಗಾಲದಲ್ಲಿ ಬಿಸಿಗಾಳಿ ಮೇಲಿನಿಂದ ಹೊರಗೆ ಹೋಗಬೇಕು. ಪಕ್ಕಾಸು ಎಂಬ ಇಳಿಜಾರು ಮರದ ತೊಲೆಗಳ ಮೇಲೆ ರೀಪು ಎಂಬ ತೆಳು ಅಡ್ಡಪಟ್ಟಿ, ರೀಪಿನ ಮೇಲೆ ಒಂದಕ್ಕೊಂದು ಕಚ್ಚಿಕೊಂಡು ಕೂರುವ ಹಂಚು. ನೀರನ್ನು ತಡೆಯುವ ಆ ಕಚ್ಚಿನ ಸಂದುಗಳೇ ಗಾಳಿಗೆ ದಾರಿ ಕೊಡುತ್ತವೆ. ನಡುವೆ ಒಂದೆರಡು ಗಾಜಿನ ಹಂಚುಗಳಿದ್ದರೆ, ಬೆಳಗಿನ ತರಗತಿಯಲ್ಲಿ ಕರಿಹಲಗೆಯ ಬಳಿ ಬಿದ್ದ ಬಿಸಿಲಿನ ಚೌಕ ಮಧ್ಯಾಹ್ನದ ಹೊತ್ತಿಗೆ ಬೆಂಚುಗಳ ಮೇಲೆ ಬಂದಿರುತ್ತದೆ, ಚಾಕಿನ ಪುಡಿ ಅದರೊಳಗೆ ತೇಲುತ್ತಿರುತ್ತದೆ. ಬಾಸೆಲ್ ಮಿಶನ್ನಿನ ಹಳೆಯ ಹಂಚನ್ನು ಮಗುಚಿ ನೋಡಿದರೆ ಕಾರ್ಖಾನೆಯ ಹೆಸರಿನ ಜೊತೆಗೆ 1865 ಎಂಬ ಅಚ್ಚು ಕಾಣುತ್ತದೆ. ಅದು ಹಂಚು ಸುಟ್ಟ ವರ್ಷವಲ್ಲ, ಕಾರ್ಖಾನೆ ಶುರುವಾದ ವರ್ಷ. ಅದನ್ನು ನೋಡಿ ಕಟ್ಟಡದ ವಯಸ್ಸು ಹೇಳಬಾರದು.

ಹಂಚು ತೆಗೆದು ತಗಡಿನ ಶೀಟು ಹೊದೆಸಿದ ಒಂದು ಹಳೆಯ ಶಾಲೆಯಲ್ಲಿ ಜೋರು ಮಳೆಯ ಹೊತ್ತಿಗೆ ನಾನು ನಿಂತಿದ್ದೆ. ಪಾಠ ಮಾಡುತ್ತಿದ್ದ ಟೀಚರ್ ವಾಕ್ಯದ ಮಧ್ಯದಲ್ಲೇ ನಿಲ್ಲಿಸಿದರು, ಏಕೆಂದರೆ ಅವರ ಮಾತು ಮುಂದಿನ ಬೆಂಚಿಗೂ ಕೇಳುತ್ತಿರಲಿಲ್ಲ. ಮಳೆ ಇಳಿಯುವ ತನಕ ಮಕ್ಕಳು ಸುಮ್ಮನೆ ಕುಳಿತಿದ್ದರು. ಶೀಟು ಹಾಕಿಸಿದವರದ್ದು ಕೆಟ್ಟ ಉದ್ದೇಶವೆಂದು ನಾನು ಹೇಳಲಾರೆ: ಹಂಚು ಒಡೆಯುತ್ತದೆ, ರೀಪಿಗೆ ಗೆದ್ದಲು ಹಿಡಿಯುತ್ತದೆ, ಮಾಡು ಹತ್ತಿ ಕೆಲಸ ಮಾಡಬಲ್ಲವರು ಕಡಿಮೆಯಾಗಿದ್ದಾರೆ. ಆದರೂ ಮಾಡಿನ ಆರೈಕೆಯನ್ನು ಪ್ರತಿವರ್ಷದ ಖರ್ಚಾಗಿ ನೋಡದೆ, ಸೋರಿದಾಗ ಬರುವ ಉಪದ್ರವವೆಂದು ನೋಡಿದ್ದರಿಂದಲೇ ಸ್ಥಿತಿ ಅಲ್ಲಿಗೆ ತಲುಪಿತು ಎಂದು ನಾನು ದೃಢವಾಗಿ ನಂಬುತ್ತೇನೆ.

ಆದ್ದರಿಂದ ಹಳೆ ವಿದ್ಯಾರ್ಥಿ ಸಂಘಗಳಲ್ಲಿ ನನ್ನ ವಿನಂತಿ ಇಷ್ಟೇ. ದ್ವಾರಕ್ಕೆ ಹೊಸ ಕಮಾನು ಕಟ್ಟಿಸುವ ಮೊದಲು, ಮೇ ತಿಂಗಳಲ್ಲಿ ಹಂಚಿಗೆ ಕೈಯಾಡಿಸುವವರ ಸಂಬಳವನ್ನು ಶಾಲೆಯ ಬಜೆಟ್ಟಿನಲ್ಲಿ ಬರೆಸಿರಿ, ಮತ್ತು ಊರಿನಲ್ಲಿ ಹಳೆಯ ಮನೆಗಳನ್ನು ಕೆಡಹುವಾಗ ಸಿಗುವ ಒಳ್ಳೆಯ ಹಂಚುಗಳನ್ನು ಕೊಂಡು ಶಾಲೆಯ ಹಿಂದಿನ ಜಗಲಿಯಲ್ಲಿ ಪೇರಿಸಿಡಿರಿ.