ಅಮ್ಮನ ಸೋಮವಾರ ಎಲ್ಲಿ ಹೋಯ್ತು?

ರಾತ್ರಿ ಹನ್ನೊಂದು ಗಂಟೆ. ಬನಶಂಕರಿಯಿಂದ ಹೊರಟ ವಾಯು ವಜ್ರ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿದೆ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿರುವ ಅಕ್ಕನ ಮನೆಯಲ್ಲಿ ಆರು ತಿಂಗಳು ಇದ್ದು, ಅಮ್ಮ ಇವತ್ತು ವಾಪಸ್ ಬರುತ್ತಿದ್ದಾಳೆ.

ಈಗ ಕಾಣುತ್ತಿರುವುದು ಹೆಬ್ಬಾಳ ಫ್ಲೈಓವರ್. ಖಾಲಿ! ನಂಬಿ, ಇದು ಹೆಬ್ಬಾಳವೇ. ನಮ್ಮ ಮನೆಯಿಂದ ದೇವನಹಳ್ಳಿ ವಿಮಾನ ನಿಲ್ದಾಣಕ್ಕೆ ಸುಮಾರು 45 ಕಿ.ಮೀ. ಈ ಹೊತ್ತಲ್ಲಿ ಒಂದು ಗಂಟೆ ಸಾಕು, ಸಂಜೆ ಆರಕ್ಕೆ ಹೊರಟರೆ ಎರಡೂ ದಾಟುತ್ತದೆ. ಅದಕ್ಕೇ ಬೆಂಗಳೂರಲ್ಲಿ 'ಎಷ್ಟು ದೂರ' ಅಂತ ಕೇಳಿದರೆ ಯಾರೂ ಕಿಲೋಮೀಟರ್ ಹೇಳುವುದಿಲ್ಲ.

ಆಕಾಶದಲ್ಲೂ ಇದೇ ಕಥೆ. ಬೆಂಗಳೂರಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ನೇರವಾಗಿ ಸುಮಾರು 14,000 ಕಿ.ಮೀ. ಗ್ಲೋಬ್ ಮೇಲೆ ಎರಡೂ ಊರಿಗೆ ಒಂದು ದಾರ ಬಿಗಿಯಾಗಿ ಎಳೆದು ನೋಡಿ, ಅದು ಉತ್ತರ ಧ್ರುವದ ಹತ್ತಿರ ಹಾಯುತ್ತದೆ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮೊದಲ ನೇರ ವಿಮಾನ ಅಲ್ಲಿಂದ ಇಲ್ಲಿಗೆ ಬಂದಿದ್ದು ಧ್ರುವದ ಮೇಲಿಂದಲೇ. ಕ್ಯಾಪ್ಟನ್ ಜೋಯಾ ಅಗರ್ವಾಲ್ ಮುಂದಾಳು, ಪೈಲಟ್‌ಗಳೆಲ್ಲ ಹೆಂಗಸರು, ಸುಮಾರು 17 ಗಂಟೆ ಹಾರಾಟ.

ಆದರೆ ಹತ್ತಿರದ ದಾರಿಯೇ ಬೇಗ ತಲುಪಿಸಬೇಕು ಅಂತೇನಿಲ್ಲ. ಹತ್ತು ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೋರು ಗಾಳಿ ಬೀಸುತ್ತದೆ, ಜೆಟ್ ಸ್ಟ್ರೀಮ್ ಅಂತಾರೆ. ಕೆಲವು ಸಲ ಅದರ ವೇಗ ಗಂಟೆಗೆ 200 ಕಿ.ಮೀ. ಮೀರುತ್ತದೆ. ಬೆನ್ನಿಗೆ ಬಿದ್ದರೆ ಲಾಭ, ಎದುರಾದರೆ ಟೈಮೂ ಇಂಧನವೂ ಜಾಸ್ತಿ. 2016ರಲ್ಲಿ ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗುವ ವಿಮಾನ ಅಟ್ಲಾಂಟಿಕ್ ಬಿಟ್ಟು, ಗಾಳಿ ಬೆನ್ನಿಗಿರಲಿ ಅಂತ ಪೂರ್ವಕ್ಕೆ, ಪೆಸಿಫಿಕ್ ಕಡೆಯಿಂದ ಹಾರಿತು. ದೂರ ಸುಮಾರು 1,400 ಕಿ.ಮೀ. ಹೆಚ್ಚಾಯಿತು. ಸಮಯ? ಹತ್ತಿರ ಎರಡು ಗಂಟೆ ಉಳಿಯಿತು! ಸಿಲ್ಕ್ ಬೋರ್ಡ್ ಬೇಡ ಅಂತ ನೈಸ್ ರೋಡ್ ಸುತ್ತಿ ಹೋಗುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಅಲ್ವಾ?

ಇದೆಲ್ಲ ಅಮ್ಮನಿಗೆ ಸುಲಭವಾಗಿ ಅರ್ಥವಾಯಿತು. ಗಡಿಯಾರದ ಲೆಕ್ಕವೇ ತಲೆನೋವು. ಹೋಗುವಾಗ ಮಧ್ಯಾಹ್ನ ಎರಡಕ್ಕೆ ಹೊರಟವಳು ಅಲ್ಲಿ ಇಳಿದಾಗ ಅದೇ ದಿನದ ಸಂಜೆ. ಈಗ ಉಲ್ಟಾ. ನವೆಂಬರಿನಲ್ಲಿ ಅವರ ಗಡಿಯಾರ ನಮಗಿಂತ ಹದಿಮೂರೂವರೆ ಗಂಟೆ ಹಿಂದೆ. ಭಾನುವಾರ ರಾತ್ರಿ ಎಂಟೂವರೆಗೆ ಅಲ್ಲಿಂದ ಹೊರಟರೆ, ಇಲ್ಲಿ ಇಳಿಯುವುದು ಮಂಗಳವಾರ ಬೆಳಗಿನ ಜಾವ ಮೂರಕ್ಕೆ.

"ಹಾಗಾದ್ರೆ ಸೋಮವಾರ ಎಲ್ಲೋ?" ಹೊರಡುವ ಮುಂಚೆ ಫೋನಲ್ಲಿ ಕೇಳಿದಳು. "ಕಾರ್ತಿಕ ಸೋಮವಾರ ಕಣೋ, ನಂದು ಒಪ್ಪೊತ್ತು."

"ಆಕಾಶದಲ್ಲೇ ಇರತ್ತಮ್ಮ" ಅಂದೆ. ಸುಮ್ನೆ ಹೇಳಿದ್ದಲ್ಲ, ನಿಜವಾಗಿಯೂ ಆ ದಿನ ಪೂರ್ತಿ ಕಳೆದಿದ್ದು ವಿಮಾನದಲ್ಲೇ.

ಟರ್ಮಿನಲ್ 2 ಬಂತು. ಬಿದಿರಿನ ಅಲಂಕಾರ, ಗಿಡಗಳು, ಸಖತ್ತಾಗಿದೆ. ನನ್ನ ಕಣ್ಣು ಮಾತ್ರ ಬಾಗಿಲ ಮೇಲೆ. ನಾಲ್ಕಕ್ಕೆ ಟ್ರಾಲಿ ತಳ್ಳಿಕೊಂಡು ಅಮ್ಮ ಬಂದಳು, ಸ್ವೆಟರ್ ಕೂಡ ಬಿಚ್ಚಿಲ್ಲ.

"ಊಟ ಆಯ್ತಾ ಅಮ್ಮ?"

"ಎರಡು ಸಲ ತಂದ್ರು. ಯಾವ್ದು ಸೋಮವಾರದ್ದು ಅಂತ ಗೊತ್ತಾಗ್ಲಿಲ್ಲ, ಎರಡೂ ಬೇಡ ಅಂದೆ. ಇಲ್ಲಿ ಕಾಫಿ ಎಲ್ಲಿ ಸಿಗತ್ತೆ, ಹೇಳು."