ಬೇರೆಯವರ ಕಸಕ್ಕೆ ಬಾಗಿಲು ಹಾಕಬಹುದೇ?

ಕೇಳುಗರೇ, ನಮಸ್ಕಾರ.

ಪಕ್ಕದ ರಾಜ್ಯದ ಕಸ ನಮ್ಮ ನೆಲಕ್ಕೆ ಬರಕೂಡದು ಎಂದು ಒಂದು ಸರ್ಕಾರ ಕಾನೂನು ಮಾಡಬಹುದೇ? ಮಾಡಿದರೆ ಅದು ಕೋರ್ಟಿನಲ್ಲಿ ನಿಲ್ಲುತ್ತದೆಯೇ? ಅಮೆರಿಕದ ರಾಜ್ಯಗಳು ಐವತ್ತು ವರ್ಷಗಳಿಂದ ಈ ಪ್ರಶ್ನೆಯೊಡನೆ ಸೆಣಸುತ್ತಿವೆ.

ಮೊದಲು ಸೆಣಸಿದ್ದು ನ್ಯೂಜೆರ್ಸಿ. ಚಿಕ್ಕ ರಾಜ್ಯ. ಒಂದು ಮಗ್ಗುಲಿಗೆ ನ್ಯೂಯಾರ್ಕ್ ನಗರ, ಇನ್ನೊಂದು ಮಗ್ಗುಲಿಗೆ ಫಿಲಡೆಲ್ಫಿಯಾ. ಎರಡೂ ಕಡೆಯಿಂದ ಬರುತ್ತಿದ್ದ ಲಾರಿಗಳು ಅಲ್ಲಿನ ಕಸದ ಗುಂಡಿಗಳನ್ನು ತುಂಬಿಸುತ್ತಿದ್ದವು. 1973ರಲ್ಲಿ ಅದು ಹೊರರಾಜ್ಯದ ಕಸವನ್ನು ನಿಷೇಧಿಸಿತು. ಗುಂಡಿಗಳ ಖಾಸಗಿ ಮಾಲೀಕರೂ ಅವರೊಡನೆ ಒಪ್ಪಂದ ಮಾಡಿಕೊಂಡಿದ್ದ ನಗರಗಳೂ ಕೋರ್ಟಿನ ಮೆಟ್ಟಿಲೇರಿದರು. ನ್ಯೂಜೆರ್ಸಿಯದೇ ಸರ್ವೋಚ್ಚ ನ್ಯಾಯಾಲಯ ಕಾನೂನನ್ನು ಎತ್ತಿಹಿಡಿಯಿತು. ಆದರೆ 1978ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಅದನ್ನು ರದ್ದುಪಡಿಸಿತು. ಏಳು ನ್ಯಾಯಮೂರ್ತಿಗಳು ಒಂದು ಕಡೆ, ಇಬ್ಬರು ಇನ್ನೊಂದು ಕಡೆ.

ಬಹುಮತದ ತೀರ್ಪು ಬರೆದವರು ಪಾಟರ್ ಸ್ಟೀವರ್ಟ್. ಕಸವೂ ವ್ಯಾಪಾರದ ಸರಕೇ, ರಾಜ್ಯಗಳ ನಡುವಿನ ವ್ಯಾಪಾರಕ್ಕೆ ಅಡ್ಡಗಟ್ಟುವ ಅಧಿಕಾರ ಸಂವಿಧಾನದ ಪ್ರಕಾರ ಒಂದು ರಾಜ್ಯಕ್ಕಿಲ್ಲ ಎಂಬುದು ಅವರ ವಾದ. ಹೊರಗಿನ ಕಸ ಒಳಗಿನ ಕಸಕ್ಕಿಂತ ಹೆಚ್ಚು ಅಪಾಯಕಾರಿ ಎಂದು ನ್ಯೂಜೆರ್ಸಿ ತೋರಿಸಿರಲಿಲ್ಲ. ಕಸ ಹುಟ್ಟಿದ ಊರನ್ನು ನೋಡಿ ಬಾಗಿಲು ಹಾಕಿತ್ತು, ಅಷ್ಟೆ. ವಿಲಿಯಂ ರೆನ್‌ಕ್ವಿಸ್ಟ್ ಒಪ್ಪಲಿಲ್ಲ. ತನ್ನ ಕಸವನ್ನು ಎಲ್ಲಾದರೂ ಹಾಕಲೇಬೇಕಾದ ರಾಜ್ಯ ಆ ಒಂದೇ ಕಾರಣಕ್ಕೆ ಎಲ್ಲ ರಾಜ್ಯಗಳ ಕಸವನ್ನೂ ಹೊರಬೇಕೇ ಎಂದು ಅವರು ಕೇಳಿದರು. ಗುಂಡಿಯ ಪಕ್ಕದಲ್ಲಿ ಬದುಕುವವರ ಮಾತನ್ನು ಅವರೇ ಆಡಿದರು ಎಂದು ನನಗೆ ಈಗಲೂ ಅನ್ನಿಸುತ್ತದೆ.

ಆದರೂ ಸ್ಟೀವರ್ಟರ ದೂರದೃಷ್ಟಿಯನ್ನು ಮೆಚ್ಚಬೇಕು. ಇಂದು ನೆರೆಯವರ ಕಸ ನ್ಯೂಜೆರ್ಸಿಗೆ ಬರುತ್ತಿದೆ, ನಾಳೆ ನ್ಯೂಜೆರ್ಸಿಯದೇ ಕಸ ನೆರೆಯವರಲ್ಲಿಗೆ ಹೋಗಬೇಕಾದೀತು, ಆಗ ಇದೇ ನಿಯಮ ಅದನ್ನು ಕಾಯುತ್ತದೆ ಎಂದು ಅವರು ತೀರ್ಪಿನ ಕೊನೆಯಲ್ಲಿ ಹೇಳಿದ್ದರು. ಹಾಗೆಯೇ ಆಯಿತು. ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ನ್ಯೂಜೆರ್ಸಿಯ ಗುಂಡಿಗಳು ಒಂದೊಂದಾಗಿ ಮುಚ್ಚಿ, ಅಲ್ಲಿನ ಕಸ ಲಾರಿ ಏರಿ ಪೆನ್ಸಿಲ್ವೇನಿಯಾದ ಕಡೆ ಹೊರಟಿತ್ತು.

ರಾಜ್ಯಗಳು ಬೇರೆ ಬೇರೆ ದಾರಿ ಹುಡುಕಿದವು. ಅಲಬಾಮಾ ಹೊರಗಿನ ಅಪಾಯಕಾರಿ ತ್ಯಾಜ್ಯಕ್ಕೆ ಟನ್ನಿಗೆ 72 ಡಾಲರ್ ಹೆಚ್ಚುವರಿ ಶುಲ್ಕ ಹಾಕಿತು. ಕೌಂಟಿ, ಅಂದರೆ ನಮ್ಮ ಜಿಲ್ಲೆಯಂಥ ಆಡಳಿತ ಘಟಕ, ತನ್ನ ಯೋಜನೆಯಲ್ಲಿ ಅನುಮತಿ ಕೊಡದಿದ್ದರೆ ಹೊರಗಿನ ಕಸ ಬರುವಂತಿಲ್ಲ ಎಂದು ಮಿಷಿಗನ್ ಹೇಳಿತು. 1992ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಎರಡೂ ಬಿದ್ದವು. ಆರೆಗಾನ್ ಒಳಗಿನ ಕಸಕ್ಕೆ 85 ಸೆಂಟ್, ಹೊರಗಿನದಕ್ಕೆ 2.25 ಡಾಲರ್ ಎಂದಿತು. 1994ರಲ್ಲಿ ಅದೂ ಬಿದ್ದಿತು. ಸಂಸತ್ತು ಬಯಸಿದ್ದರೆ ರಾಜ್ಯಗಳಿಗೆ ಈ ಅಧಿಕಾರವನ್ನು ಕಾನೂನಿನ ಮೂಲಕ ಕೊಡಬಹುದಿತ್ತು. ಮಸೂದೆಗಳು ಬಂದವು, ಒಂದೂ ಕಾನೂನಾಗಲಿಲ್ಲ.

ವರ್ಜೀನಿಯಾದ ಕಥೆಯಲ್ಲಿ ಸ್ವಲ್ಪ ನಿಲ್ಲಬೇಕು. ನ್ಯೂಯಾರ್ಕ್ ನಗರದ ಸ್ಟೇಟನ್ ದ್ವೀಪದಲ್ಲಿ ಫ್ರೆಶ್ ಕಿಲ್ಸ್ ಎಂಬ ದೈತ್ಯ ಕಸದ ತಾಣವಿತ್ತು. 1948ರಲ್ಲಿ ಆರಂಭವಾದ ಅದನ್ನು ಮುಚ್ಚಲು ನಿರ್ಧಾರವಾಯಿತು. 2001ರ ಮಾರ್ಚ್‌ನಲ್ಲಿ ಕಸದ ಕೊನೆಯ ದೋಣಿ ಅಲ್ಲಿಗೆ ಬಂತು. ಹಾಗಾದರೆ ನಗರದ ಕಸ ಎಲ್ಲಿಗೆ? ವರ್ಜೀನಿಯಾ ಆಗಲೇ ಪೆನ್ಸಿಲ್ವೇನಿಯಾದ ನಂತರ ಅತಿ ಹೆಚ್ಚು ಹೊರಗಿನ ಕಸ ಪಡೆಯುತ್ತಿದ್ದ ರಾಜ್ಯ. ನಮ್ಮ ನಗರದ ಸಂಸ್ಕೃತಿಯನ್ನು ಎಲ್ಲರೂ ಬಂದು ಸವಿಯುತ್ತಾರೆ, ಹಾಗಾಗಿ ನಮ್ಮ ಕಸವನ್ನೂ ಸ್ವೀಕರಿಸಬೇಕು ಎಂಬರ್ಥದ ಮಾತನ್ನು ಮೇಯರ್ ರೂಡಿ ಜುಲಿಯಾನಿ ಆಡಿದಾಗ ವರ್ಜೀನಿಯಾ ಸಿಡಿದೆದ್ದಿತು. ಗವರ್ನರ್ ಜಿಮ್ ಗಿಲ್ಮೋರ್ 1999ರಲ್ಲಿ ಗುಂಡಿಗಳು ದಿನಕ್ಕೆ ಪಡೆಯುವ ಕಸಕ್ಕೆ ಮಿತಿ ಹಾಕುವ, ನದಿಗಳಲ್ಲಿ ಕಸದ ದೋಣಿಗಳನ್ನು ತಡೆಯುವ ಕಾನೂನುಗಳನ್ನು ತಂದರು. ಅವು ಮೇಲ್ನೋಟಕ್ಕೆ ಎಲ್ಲ ಕಸಕ್ಕೂ ಒಂದೇ ನಿಯಮದಂತಿದ್ದವು. ಆದರೆ ಉದ್ದೇಶ ಹೊರಗಿನವರನ್ನು ತಡೆಯುವುದೇ ಎಂದು 2001ರಲ್ಲಿ ಮೇಲ್ಮನವಿ ನ್ಯಾಯಾಲಯ ಅವನ್ನೂ ತಳ್ಳಿಹಾಕಿತು.

ಇದೇ ವರ್ಜೀನಿಯಾದ ಚಾರ್ಲ್ಸ್ ಸಿಟಿ ಕೌಂಟಿಯಲ್ಲಿ ಆಗ ಇದ್ದದ್ದು ಸುಮಾರು ಏಳು ಸಾವಿರ ಜನ. ದೊಡ್ಡ ಖಾಸಗಿ ಗುಂಡಿಗೆ ಜಾಗ ಕೊಟ್ಟು, ಅದರಿಂದ ಬಂದ ಹಣದಲ್ಲಿ ಆ ಕೌಂಟಿ ಶಾಲೆಗಳನ್ನು ಕಟ್ಟಿಕೊಂಡಿತು, ಆಸ್ತಿ ತೆರಿಗೆ ಇಳಿಸಿತು. ರಾಜಧಾನಿಯಲ್ಲಿ ಕುಳಿತವರು ಲಾರಿಗಳನ್ನು ಅವಮಾನ ಎಂದರು. ಕೌಂಟಿಗೆ ಅವು ಆದಾಯ. ಈ ಒಪ್ಪಂದವನ್ನು ನಾನು ಜರೆಯುವುದಿಲ್ಲ. ಮಕ್ಕಳ ಶಾಲೆಗೆ ಹಣ ಹುಟ್ಟಿಸಲು ಕಸದ ಗುಡ್ಡವೊಂದೇ ದಾರಿ ಎಂಬಲ್ಲಿಗೆ ಒಂದು ಬಡ ಊರನ್ನು ತಂದು ನಿಲ್ಲಿಸಿದ ವ್ಯವಸ್ಥೆಯ ಮೇಲೆ ನನ್ನ ಸಿಟ್ಟು.

ಹಾಗಾದರೆ ಬಾಗಿಲು ಹಾಕಲು ದಾರಿಯೇ ಇಲ್ಲವೇ? ಇದೆ. ಅದು ಒಡೆತನ. ಗುಂಡಿ ಸರ್ಕಾರದ್ದೇ ಆಗಿದ್ದರೆ ಸರ್ಕಾರ ಮಾಲೀಕನ ಸ್ಥಾನದಲ್ಲಿ ನಿಂತು, ನಮ್ಮವರ ಕಸ ಮಾತ್ರ ಎನ್ನಬಹುದು ಎಂದು ಅಲ್ಲಿನ ಕೆಳಹಂತದ ಫೆಡರಲ್ ನ್ಯಾಯಾಲಯಗಳು ಒಪ್ಪಿವೆ. ರೋಡ್ ಐಲೆಂಡ್ ರಾಜ್ಯ ಜಾನ್‌ಸ್ಟನ್‌ನಲ್ಲಿರುವ ತನ್ನ ತಾಣವನ್ನು ಹಾಗೆಯೇ ಕಾಯ್ದುಕೊಂಡಿದೆ.

ಮೇನ್ ರಾಜ್ಯ ಇನ್ನೂ ಮುಂದೆ ಹೋಯಿತು. 1989ರಲ್ಲೇ ಹೊಸ ಖಾಸಗಿ ವಾಣಿಜ್ಯ ಗುಂಡಿಗಳನ್ನು ನಿಷೇಧಿಸಿತು. ನಂತರ ಜೂನಿಪರ್ ರಿಜ್ ಎಂಬ ತಾಣವನ್ನು ತಾನೇ ಕೊಂಡು, ನಡೆಸುವ ಹೊಣೆಯನ್ನು ಕಂಪನಿಗೆ ಕೊಟ್ಟಿತು. ಆದರೂ ಮ್ಯಾಸಚೂಸೆಟ್ಸ್‌ನಂಥ ರಾಜ್ಯಗಳಲ್ಲಿ ಕೆಡವಿದ ಕಟ್ಟಡಗಳ ಅವಶೇಷ ಬರುತ್ತಲೇ ಇತ್ತು. ಅದು ಮೇನ್‌ನ ಲೂಯಿಸ್ಟನ್‌ಗೆ ಬಂದು, ವಿಂಗಡಣೆಯಾಗಿ, ಉಳಿದದ್ದು ‘ಮೇನ್‌ನ ಕಸ’ ಎಂಬ ಲೆಕ್ಕದಲ್ಲಿ ಗುಂಡಿ ಸೇರುತ್ತಿತ್ತು. ಪೆನೋಬ್‌ಸ್ಕಾಟ್ ನದಿಯನ್ನೇ ನಂಬಿದ ಮೂಲನಿವಾಸಿ ಸಮುದಾಯವೂ ಸುತ್ತಲಿನ ಜನರೂ ದನಿ ಎತ್ತಿದರು. 2022ರಲ್ಲಿ ಶಾಸನಸಭೆ ಈ ಕಿಂಡಿಯನ್ನು ಮುಚ್ಚಿತು.

ಅದೇ ವರ್ಷ ಮೇನ್ ಇನ್ನೊಂದು ಒಳ್ಳೆಯ ಕೆಲಸ ಮಾಡಿತ್ತು. ಚರಂಡಿ ನೀರಿನ ಶುದ್ಧೀಕರಣ ಘಟಕಗಳ ಕೆಸರಿನಲ್ಲಿ ಬಹುಕಾಲ ನಾಶವಾಗದೆ ಉಳಿಯುವ ರಾಸಾಯನಿಕಗಳು ಇರುವುದರಿಂದ ಅದನ್ನು ಹೊಲಗಳಿಗೆ ಗೊಬ್ಬರವಾಗಿ ಹರಡುವುದನ್ನು ನಿಷೇಧಿಸಿತ್ತು. ಹೀಗಾಗಿ ಆ ಕೆಸರಿನ ಬಹುಪಾಲು ಜೂನಿಪರ್ ರಿಜ್‌ಗೆ ಬಂತು. ಒದ್ದೆ ಕೆಸರನ್ನು ಹಾಗೇ ಸುರಿದರೆ ಗುಡ್ಡ ಜಾರುತ್ತದೆ; ಅದರೊಡನೆ ಒಣ, ಗಡುಸು ಕಸ ಬೆರೆಸಬೇಕು. ಹಾಗೆ ಬೆರೆಸಲು ಬಳಕೆಯಾಗುತ್ತಿದ್ದದ್ದು ಹೊರರಾಜ್ಯದಿಂದ ಬಂದ ಅದೇ ಅವಶೇಷ. 2023ರ ಆರಂಭದಲ್ಲಿ ಮೇನ್‌ನ ಕೆಸರು ಗಡಿ ದಾಟಿ ಕೆನಡಾದ ನ್ಯೂ ಬ್ರನ್ಸ್‌ವಿಕ್‌ಗೆ ಹೋಗತೊಡಗಿತು. ಹೊರಗಿನವರ ಕಸ ಬೇಡ ಎಂದ ರಾಜ್ಯ ತನ್ನದನ್ನು ಪರದೇಶಕ್ಕೆ ಕಳಿಸಬೇಕಾಯಿತು. ಆ ವರ್ಷವೇ ಶಾಸನಸಭೆ ಹೊರಗಿನ ಅವಶೇಷದ ಮೇಲಿನ ನಿಷೇಧವನ್ನು ತಾತ್ಕಾಲಿಕವಾಗಿ ಸಡಿಲಿಸಿತು. ಇದರಿಂದ 2022ರ ಕಾನೂನು ತಪ್ಪಾಗಿತ್ತು ಎಂದು ನಾನು ಹೇಳಲಾರೆ. ಕೆಸರನ್ನು ಒಣಗಿಸುವ ವ್ಯವಸ್ಥೆ ಮೊದಲು ಸಿದ್ಧವಾಗಬೇಕಿತ್ತು, ಅಷ್ಟೆ.

ನಮ್ಮಲ್ಲಿ ‘ಹೊರಗಿನ’ ಕಸಕ್ಕೆ ರಾಜ್ಯದ ಗಡಿಯೂ ಬೇಕಿಲ್ಲ. ಬೆಂಗಳೂರಿನ ಕಸ ಹೊತ್ತ ಮಂಡೂರಿನ ಜನರಿಗೆ ನಗರವೇ ಹೊರಗಿನದು. ಅವರು ರಸ್ತೆಗಿಳಿದು ಹೋರಾಡಿದ ಮೇಲೆ, 2014ರ ಡಿಸೆಂಬರ್ 1ರಿಂದ ಅಲ್ಲಿಗೆ ಕಸ ಬರುವುದಿಲ್ಲ ಎಂಬ ಭರವಸೆ ಸಿಕ್ಕಿತು, ಲಾರಿಗಳೂ ನಿಂತವು. ಮುಂದೆ ನಗರ ತನ್ನ ಕಸವನ್ನು ಬೆಳ್ಳಹಳ್ಳಿ, ಮಿಟಗಾನಹಳ್ಳಿಗಳ ಹಳೆಯ ಕಲ್ಲುಕ್ವಾರಿಗಳಿಗೆ ಒಯ್ದಿತು. ಇನ್ನು ಯಾವುದೇ ಹಳ್ಳಿಯಲ್ಲಿ ಇಂಥ ತಾಣಕ್ಕೆ ಜಾಗ ಗುರುತಿಸುವ ಮೊದಲು ಆ ಗ್ರಾಮಸಭೆಯ ಮುಂದೆ ಮೂರು ಸಂಗತಿಗಳನ್ನು ಕನ್ನಡದಲ್ಲಿ ಬರೆದು ಇಡಬೇಕೆಂದು ನಾನು ಒತ್ತಾಯಿಸುತ್ತೇನೆ: ತಾಣದ ಒಡೆಯ ಯಾರು, ದಿನಕ್ಕೆ ಗರಿಷ್ಠ ಎಷ್ಟು ಟನ್, ಮುಚ್ಚುವ ತಾರೀಖು ಯಾವುದು.

ನಮಸ್ಕಾರ.